ಹಿಲ್ ಹೌಸ್ ತರಿಸಿದೆ, ಹದಿನಾರು ಪುಟ ನಾಪತ್ತೆ

ಶುರುವಿನಲ್ಲೇ ಹೇಳಿಬಿಡುತ್ತೇನೆ. ಕಥೆಗೆ ಐದು ಸ್ಟಾರ್, ನನ್ನ ಕೈಗೆ ಬಂದ ಪ್ರತಿಗೆ ಒಂದೂವರೆ. ಕೊನೆಗೆ ಏನಾಗುತ್ತದೆ ಅಂತಲೂ ಬಾಯಿಬಿಟ್ಟಿದ್ದೇನೆ. ಬೇಡ ಅನ್ನುವವರು ಇಲ್ಲಿಂದಲೇ ವಾಪಸ್ ಹೋಗಿ, ನನಗೇನೂ ಬೇಜಾರಿಲ್ಲ.

ಪುಸ್ತಕ ಶರ್ಲಿ ಜಾಕ್ಸನ್ ಬರೆದ ‘ದಿ ಹಾಂಟಿಂಗ್ ಆಫ್ ಹಿಲ್ ಹೌಸ್’. 1959ರಲ್ಲಿ ಬಂದದ್ದು. ಆನ್‌ಲೈನ್‌ನಲ್ಲಿ ತರಿಸಿದೆ. ಕಲಬುರಗಿಗೆ ಬರೋದಕ್ಕೆ ಆರು ದಿನ ಹಿಡಿಯಿತು. ಬಂದ ದಿನ ಹೊರಗೆ 42 ಡಿಗ್ರಿ. ಪ್ಯಾಕೆಟ್ ಮುಟ್ಟಿದರೆ ಈಗ ತಾನೇ ಹಂಚಿನಿಂದ ಇಳಿಸಿದ ರೊಟ್ಟಿ ಹಾಗೆ ಸುಡುತ್ತಿತ್ತು. ಬೆನ್ನಿನ ಅಂಟು ಮೆತ್ತಗಾಗಿ ರಟ್ಟು ಒಂದು ಕಡೆ ಜಾರಿತ್ತು. ಅಕ್ಷರ ಸಣ್ಣದು. ಕಾಗದ ಎಷ್ಟು ತೆಳು ಅಂದರೆ ಹಿಂದಿನ ಪುಟದ ಸಾಲು ಈ ಕಡೆ ಇಣುಕುತ್ತದೆ. ಇದನ್ನೆಲ್ಲಾ ಸಹಿಸಿಕೊಂಡೆ. ನಮ್ಮೂರ ಬೇಸಿಗೆಯಲ್ಲಿ ಮನುಷ್ಯರೇ ಸೋತು ಕೂರುತ್ತಾರೆ, ಅಂಟಿನ ಮೇಲೆ ಏನು ಸಿಟ್ಟು ಮಾಡೋದು.

ಸಿಟ್ಟು ಬಂದದ್ದು 160ನೇ ಪುಟ ದಾಟಿದ ಮೇಲೆ.

ಆವತ್ತು ರಾತ್ರಿ ಕರೆಂಟ್ ಹೋಗಿತ್ತು. ಮಾಳಿಗೆ ಮೇಲೆ ಹಾಸಿಗೆ ಹಾಕಿಕೊಂಡು ಮೊಬೈಲ್ ಟಾರ್ಚ್ ಬೆಳಕಿನಲ್ಲಿ ಓದುತ್ತಿದ್ದೆ. 160 ಮುಗಿಸಿ ಎದುರಿನ ಪುಟಕ್ಕೆ ಬಂದೆ. ಕಥೆಯಲ್ಲಿ ಬರುವ ಥಿಯೊಡೋರಾ ಅನ್ನೋ ಹೆಂಗಸಿನ ಬಟ್ಟೆಗೆಲ್ಲಾ ರಕ್ತದಂಥ ಕೆಂಪು ಮೆತ್ತಿರುವ ಭಾಗ ಮತ್ತೆ ಬಂತು. ಅದೇ ಮಾತು, ಅದೇ ಕಿರುಚಾಟ. ದೆವ್ವದ ಮನೆ ಕಥೆ ಅಲ್ವಾ, ಬೇಕಂತಲೇ ಹೀಗೆ ಬರೆದಿರಬೇಕು, ಮನೆಯೇ ಇವರನ್ನು ಹಿಂದಕ್ಕೆ ಎಳೆಯುತ್ತಿದೆ ಅಂದುಕೊಂಡು, ನಗಬೇಡಿ, ಖರೇನೇ ನಾಲ್ಕು ಪುಟ ಎರಡನೇ ಸಲ ಓದಿದೆ. ಎಂಥಾ ಲೇಖಕಿ ಅಂತ ಮೆಚ್ಚಿಕೊಂಡೂ ಆಯಿತು. ಆಮೇಲೆ ಕೆಳಗೆ ನಂಬರ್ ನೋಡಿದರೆ 148.

ಪುಸ್ತಕ ಛಾಪಿಸುವಾಗ ದೊಡ್ಡ ಹಾಳೆಯ ಎರಡೂ ಬದಿ ಸೇರಿಸಿ ಹದಿನಾರು ಪುಟ ಒಟ್ಟಿಗೆ ಹಾಕಿ ಮಡಚುತ್ತಾರೆ. ಆ ಮಡಿಕೆಗಳನ್ನು ಸಾಲಾಗಿ ಜೋಡಿಸುವಾಗ ಯಾರದೋ ಕೈ ತಪ್ಪಿದೆ. 145ರಿಂದ 160ರ ಮಡಿಕೆ ಎರಡು ಸಲ ಬಂದಿದೆ, 161ರಿಂದ 176ರದ್ದು ಇಲ್ಲವೇ ಇಲ್ಲ. ನಾನು ಹಾಗೇ 177ಕ್ಕೆ ಹಾರಿ ಎರಡು ರಾತ್ರಿಯಲ್ಲಿ ಕಥೆ ಮುಗಿಸಿದೆ. ಮುಗಿಸಿದ ಮೇಲೆ ಊಟದಲ್ಲಿ ಉಪ್ಪು ಕಮ್ಮಿ ಆದ ಹಾಗೆ ಏನೋ ಒಂದು. ಇಬ್ಬರು ಹೆಂಗಸರ ನಡುವೆ ಏನೋ ನಡೆದಿದೆ, ನನಗೆ ಮಾತ್ರ ಯಾರೂ ಹೇಳುತ್ತಿಲ್ಲ ಅನ್ನಿಸುತ್ತಿತ್ತು.

ಆ ಇಬ್ಬರು ಯಾರು ಅಂದರೆ, ಒಬ್ಬಳು ಎಲಿನೋರ್ ವಾನ್ಸ್. ವಯಸ್ಸು 32. ಹನ್ನೊಂದು ವರ್ಷ ಕಾಯಿಲೆ ತಾಯಿಯ ಸೇವೆ ಮಾಡಿಯೇ ಯೌವನ ಕಳೆದವಳು. ತಾಯಿ ಸತ್ತ ಮೇಲೆ ಅಕ್ಕ ಭಾವನ ಮನೆಯಲ್ಲಿ ಇದ್ದಾಳೆ, ಇದ್ದಾಳೆ ಅಷ್ಟೇ. ಹಿಲ್ ಹೌಸ್ ಅನ್ನೋ ದೆವ್ವದ ಮನೆಯನ್ನು ಪರೀಕ್ಷೆ ಮಾಡಬೇಕು, ಬನ್ನಿ ಅಂತ ಡಾಕ್ಟರ್ ಮಾಂಟಗ್ಯೂ ಕಾಗದ ಬರೆದಾಗ, ಅಕ್ಕನ ಜೊತೆ ಪಾಲಿನಲ್ಲಿ ಕೊಂಡಿದ್ದ ಕಾರನ್ನು ಅಕ್ಕ ಬೇಡ ಅಂದರೂ ಗುಟ್ಟಾಗಿ ಎತ್ತಿಕೊಂಡು ಹೊರಟುಬಿಡುತ್ತಾಳೆ. ಇನ್ನೊಬ್ಬಳು ಥಿಯೊಡೋರಾ. ಇವಳಿಗೆ ಮನೆತನದ ಹೆಸರೇ ಇಲ್ಲ, ಬರೀ ಥಿಯೊಡೋರಾ. ಎದುರಿಗಿದ್ದವರ ಮನಸ್ಸು ಓದುವವಳು, ಬಣ್ಣಬಣ್ಣದ ಬಟ್ಟೆ, ನಗು, ಚುರುಕು. ಮನೆಯ ಮುಂದಿನ ವಾರಸುದಾರ ಲ್ಯೂಕ್ ಅಂತ ಒಬ್ಬ ಇದ್ದಾನೆ. ಅವನು ಬೇಕಾದಷ್ಟೇ ಇದ್ದಾನೆ.

ಹೋದ ಮೊದಲ ದಿನವೇ ಇವರಿಬ್ಬರೂ ಹತ್ತು ವರ್ಷದ ಗೆಳತಿಯರ ಹಾಗೆ ತೊರೆಯ ಹತ್ತಿರ ಪಿಕ್ನಿಕ್ ಮಾಡೋಣ ಅಂತ ಲೆಕ್ಕ ಹಾಕುತ್ತಾರೆ. ಎಲಿನೋರ್ ಮಧ್ಯೆ ಒಮ್ಮೆ ಕೇಳುತ್ತಾಳೆ, ನಿನಗೆ ಮದುವೆ ಆಗಿದೆಯಾ ಅಂತ. ಸ್ವಲ್ಪ ಹೊತ್ತು ಮೌನ. ಆಮೇಲೆ ಥಿಯೊಡೋರಾ ಗಡಬಡಿಸಿ ನಕ್ಕು ‘ಇಲ್ಲ’ ಅನ್ನುತ್ತಾಳೆ. ಇಷ್ಟೇ. ಲೇಖಕಿ ಮುಂದೆ ಹೋಗಿಬಿಡುತ್ತಾಳೆ. ಆದರೆ ಆ ಸ್ವಲ್ಪ ಹೊತ್ತು ನೋಡಿ, ‘ಇಲ್ಲ’ ಅನ್ನೋದಕ್ಕೆ ಯಾರಿಗಾದರೂ ಅಷ್ಟು ಹೊತ್ತು ಬೇಕಾ? ನಮ್ಮ ಓಣಿಯಲ್ಲಿ ಯಾರಾದರೂ ಈ ಪ್ರಶ್ನೆಗೆ ಹಾಗೆ ತಡವರಿಸಿದರೆ ಸಂಜೆಯೊಳಗೆ ನಾಲ್ಕು ಮನೆಗೆ ಸುದ್ದಿ ಮುಟ್ಟಿರುತ್ತದೆ.

ಕಾಲುಗುರಿನ ಪ್ರಸಂಗವಂತೂ ನಾನು ಮೂರು ಸಲ ಓದಿದೆ, ಇದು ಪ್ರೆಸ್‌ನವರ ತಪ್ಪಲ್ಲ, ನನ್ನ ಇಷ್ಟ. ಮಧ್ಯಾಹ್ನ ಇಬ್ಬರೂ ಕೋಣೆಯಲ್ಲಿ ಇದ್ದಾರೆ. ಥಿಯೊಡೋರಾ ಎಲಿನೋರಳ ಕಾಲುಗುರಿಗೆ ಕೆಂಪು ಬಣ್ಣ ಹಚ್ಚುತ್ತಾಳೆ. ಎಲಿನೋರ್ ಹಾಯಾಗಿ, ಹೆಚ್ಚುಕಮ್ಮಿ ನಿದ್ದೆಯಲ್ಲಿ ಇದ್ದವಳು, ಕಾಲು ನೋಡಿಕೊಂಡ ಕೂಡಲೇ ಬೆದರಿಬಿಡುತ್ತಾಳೆ. ಇದು ಕೆಟ್ಟದ್ದು, ತೆಗೆದುಬಿಡು ಅಂತ. ಬರೀ ಬಣ್ಣಕ್ಕೆ ಯಾರಾದರೂ ಹಾಗೆ ಹೆದರುತ್ತಾರಾ? ತಾಯಿ ಇದ್ದಿದ್ದರೆ ಏನನ್ನುತ್ತಿದ್ದಳು ಅನ್ನೋ ಭಯ ಅದರಲ್ಲಿ ಇದೆ. ಜೊತೆಗೆ, ಇದು ನನಗೆ ಇಷ್ಟ ಆಯಿತಲ್ಲ ಅನ್ನೋ ಭಯವೂ ಇದೆ. ಎರಡನೆಯದೇ ಜಾಸ್ತಿ ಅನ್ನಿಸಿತು ನನಗೆ. ಥಿಯೊಡೋರಾ ಏನು ಮಾಡುತ್ತಾಳೆ? ನಿನ್ನ ಕಾಲು ಗಲೀಜಾಗಿದೆ ಅನ್ನುತ್ತಾಳೆ. ಇಂಥ ಸಣ್ಣ ಕ್ರೌರ್ಯ ಗಂಡ ಹೆಂಡಿರ ನಡುವೆ ನೋಡಿದ್ದೇನೆ, ಬರೀ ಪರಿಚಯದವರ ನಡುವೆ ನೋಡಿಲ್ಲ.

ಇನ್ನು ಕೈ ಹಿಡಿಯುವ ರಾತ್ರಿ. ಇದು ಈ ಪುಸ್ತಕದಲ್ಲಿ ಎಲ್ಲರಿಗೂ ಗೊತ್ತಿರುವ ಜಾಗ. ಥಿಯೊಡೋರಾಳ ಕೋಣೆ ಹಾಳಾಗಿ, ಅವಳು ಎಲಿನೋರಳ ಕೋಣೆಗೆ ಬಂದಿದ್ದಾಳೆ, ಎಲಿನೋರಳ ಬಟ್ಟೆಯನ್ನೇ ಹಾಕಿಕೊಂಡಿದ್ದಾಳೆ. ಕತ್ತಲಲ್ಲಿ ಎಲ್ಲೋ ಮಗು ನರಳುವ ಸದ್ದು. ಎಲಿನೋರ್ ಪಕ್ಕದ ಕೈಯನ್ನು ಮೂಳೆ ಸಿಗುವಷ್ಟು ಬಿಗಿಯಾಗಿ ಹಿಡಿದುಕೊಂಡು ಸಹಿಸುತ್ತಾಳೆ. ಬೆಳಕು ಬರುತ್ತದೆ. ಥಿಯೊಡೋರಾ ಆ ಕಡೆ ತನ್ನ ಹಾಸಿಗೆಯಲ್ಲಿ ಎದ್ದು ಕೂತಿದ್ದಾಳೆ. ಹಾಗಾದರೆ ನಾನು ಹಿಡಿದಿದ್ದು ಯಾರ ಕೈ? ಎಲ್ಲರೂ ಇದನ್ನು ಬೆಚ್ಚಿಬೀಳಿಸುವ ಜಾಗ ಅಂತ ಓದುತ್ತಾರೆ, ನಾನೂ ಬೆಚ್ಚಿದೆ, ಕೆಳಗೆ ನೀರು ಕುಡಿಯೋದಕ್ಕೆ ಒಬ್ಬಳೇ ಇಳಿಯಲಿಲ್ಲ. ಆದರೆ ಹೊಟ್ಟೆಯಲ್ಲಿ ಕಲಸಿದ್ದು ಬೇರೆ ಕಾರಣಕ್ಕೆ. ಅವಳಿಗೆ ಬೇಕಾಗಿದ್ದದ್ದು ಆ ಕೈ. ಮನೆ ಅದನ್ನು ಅರ್ಥ ಮಾಡಿಕೊಂಡು, ಅದೇ ವೇಷದಲ್ಲಿ ಬಂದು ಕೈ ಕೊಟ್ಟಿದೆ. ನಮ್ಮ ಕಡೆ ದೆವ್ವ ಯಾವಾಗಲೂ ಪ್ರೀತಿಯವರ ದನಿಯಲ್ಲೇ ಹೆಸರು ಹಿಡಿದು ಕರೆಯುತ್ತದೆ ಅನ್ನುತ್ತಾರಲ್ಲ, ಅದೇ ಲೆಕ್ಕ.

ಇಷ್ಟಿದ್ದರೂ ನನಗೆ ಧೈರ್ಯ ಇರಲಿಲ್ಲ. ಇಬ್ಬರು ಹೆಂಗಸರು ಒಟ್ಟಿಗೆ ಹೆದರಿದರೆ ಅದನ್ನು ಪ್ರೇಮ ಅನ್ನೋದು ನನ್ನದೇ ಅತಿ ಆಯಿತೇನೋ ಅಂತ ಸುಮ್ನೆ ಇದ್ದೆ. ಬಾಯಿ ಬಿಡಿಸಿದ್ದು ನಮ್ಮತ್ತೆ.

ಅತ್ತೆ ಮತ್ತು ಅವರ ಮಗಳು ಬೇಸಿಗೆ ರಜೆಗೆ ಬಂದಿದ್ದರು. ಮಗಳು ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾಳೆ, ಈ ಕಥೆಯ ವೆಬ್ ಸೀರೀಸ್ ನೋಡಿದ್ದಾಳೆ, ಹಾಗಾಗಿ ಪುಸ್ತಕದ ಬಗ್ಗೆಯೂ ಎಲ್ಲಾ ಗೊತ್ತು ಅಂತ ಅವಳ ನಂಬಿಕೆ. ಮಾಳಿಗೆ ಮೇಲೆ ಮಲಗಿದ್ದಾಗ ಅತ್ತೆ, ಅದೇನು ದೆವ್ವದ ಕಥೆ ಓದ್ತಿದ್ದಿಯಲ್ಲ, ಹೇಳು ನೋಡೋಣ ಅಂದರು. ಶುರು ಮಾಡಿದೆ. ಎಲಿನೋರಳ ಭಾಗ ಸರಾಗವಾಗಿ ಹೋಯಿತು. ಥಿಯೊಡೋರಾ ಯಾಕೆ ಹಿಲ್ ಹೌಸ್‌ಗೆ ಬಂದಳು ಅನ್ನೋದಕ್ಕೆ ಬಂದು ನಾಲಿಗೆ ನಿಂತುಬಿಟ್ಟಿತು.

ಯಾಕೆ ಅಂದರೆ ಇಂಗ್ಲಿಷಿನಲ್ಲಿ ಅವಳು ಒಬ್ಬ ‘ಫ್ರೆಂಡ್’ ಜೊತೆ ಮನೆ ಮಾಡಿಕೊಂಡಿದ್ದಾಳೆ. ಆ ಫ್ರೆಂಡ್ ಜೊತೆ ಭಾರಿ ಜಗಳ ಆಗಿದೆ. ಫ್ರೆಂಡ್ ತನ್ನ ಕೈಯಾರೆ ಕೆತ್ತಿಕೊಟ್ಟಿದ್ದ ಥಿಯೊಡೋರಾಳ ಪುಟ್ಟ ಮೂರ್ತಿಯನ್ನು ಥಿಯೊಡೋರಾ ಒಡೆದುಹಾಕಿದ್ದಾಳೆ. ಥಿಯೊಡೋರಾ ಹುಟ್ಟುಹಬ್ಬಕ್ಕೆ ಕೊಟ್ಟಿದ್ದ ಪುಸ್ತಕವನ್ನು ಆ ಫ್ರೆಂಡ್ ಹರಿದುಹಾಕಿದ್ದಾರೆ, ಅದರಲ್ಲೂ ಇವಳು ಪ್ರೀತಿಯಿಂದ ಬರೆದುಕೊಟ್ಟಿದ್ದ ಪುಟವನ್ನು ವಿಶೇಷವಾಗಿ ಚಿಂದಿ ಮಾಡಿದ್ದಾರೆ. ಆ ರಾತ್ರಿಯೇ ಇವಳು ಬರುತ್ತೇನೆ ಅಂತ ಡಾಕ್ಟರಿಗೆ ಕಾಗದ ಬರೆದಿದ್ದಾಳೆ. ಸರಿ, ಇದನ್ನು ಕನ್ನಡದಲ್ಲಿ ಹೇಗೆ ಹೇಳೋದು? ಗೆಳೆಯ ಅನ್ನಲೋ, ಗೆಳತಿ ಅನ್ನಲೋ? ಹರಿದ ಅನ್ನಲೋ, ಹರಿದಳು ಅನ್ನಲೋ? ಟಾರ್ಚ್ ಹಾಕಿ ಆ ಪುಟ ಹುಡುಕಿದೆ. ಜಾಕ್ಸನ್ ಎಲ್ಲೂ ಗಂಡು ಅಂದಿಲ್ಲ, ಹೆಣ್ಣೂ ಅಂದಿಲ್ಲ. ಬರೀ ಫ್ರೆಂಡ್. ಎರಡು ಸಲ ಓದಿದರೂ ಇಂಗ್ಲಿಷಿನಲ್ಲಿ ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಕನ್ನಡಕ್ಕೆ ತಂದ ಕೂಡಲೇ ಸಿಕ್ಕಿಬಿದ್ದಳು. ನಮ್ಮ ಕ್ರಿಯಾಪದಕ್ಕೆ ಬಾಲ ಇದೆ, ಅದು ಗುಟ್ಟು ಇಟ್ಟುಕೊಳ್ಳಲ್ಲ. ಒಂದೇ ದಾರಿ ಉಳಿದಿತ್ತು, ಮರ್ಯಾದೆ ಕೊಟ್ಟು ಮುಚ್ಚಿಬಿಡೋದು. ‘ಅವರ ಜೊತೆ ಇದ್ದಳು, ಅವರು ಹರಿದುಹಾಕಿದರು’ ಅಂದೆ.

ಅತ್ತೆ ಬೀಸಣಿಗೆ ನಿಲ್ಲಿಸಿದರು. “ಅವರು ಅಂದ್ರ ಯಾರವ್ವ? ಗಂಡಸೋ ಹೆಂಗಸೋ?”

“ಬರೆದಿಲ್ಲ ಅತ್ತೆ.”

“ಬರೆದಿಲ್ಲ ಅಂದ್ರ ಹೆಂಗಸೇ. ಗಂಡಸಾಗಿದ್ರ ಮುಚ್ಚಿಡೋದು ಏನಿತ್ತು?” ಅಂದು ಮತ್ತೆ ಬೀಸಿಕೊಳ್ಳೋದಕ್ಕೆ ಶುರು ಮಾಡಿದರು.

ಅತ್ತೆ ಓದಿದ್ದು ಏಳನೇ ಕ್ಲಾಸು. ಆ ಬೀಸಣಿಗೆಯ ಮೇಲೆ ಆಣೆ, ಇದಕ್ಕಿಂತ ಚೆನ್ನಾಗಿ ಯಾರೂ ಈ ಪುಸ್ತಕ ಬಿಡಿಸಿ ಹೇಳಲಾರರು. 1959ರ ಅಮೆರಿಕದಲ್ಲಿ ಒಬ್ಬ ಹೆಂಗಸು ಒಬ್ಬ ಗಂಡಸಿನ ಜೊತೆ ಮದುವೆ ಇಲ್ಲದೆ ಇದ್ದರೂ ಜನ ಮಾತಾಡುತ್ತಿದ್ದರು, ಒಪ್ಪಿದೆ. ಆದರೆ ಲೇಖಕಿ ‘ಅವನು’ ಅಂತ ಒಂದು ಪದ ಹಾಕಿದ್ದರೆ ಓದುಗರ ಕುತೂಹಲ ಅಲ್ಲಿಗೇ ತಣ್ಣಗಾಗುತ್ತಿತ್ತು. ಅದನ್ನು ಹಾಕದೆ ಇರೋದಕ್ಕೆ ಎಷ್ಟು ಎಚ್ಚರ ಬೇಕು ಅಂತ ಬೇಕಾದರೆ ಒಂದು ಪ್ಯಾರಾ ಬರೆದು ನೋಡಿ.

ಮರುದಿನ ದಾಲ್ ಮಿಲ್ ಆಫೀಸಿನಲ್ಲಿ ನಮ್ಮ ಅಕೌಂಟೆಂಟ್ ಸಾಹೇಬರ ಮುಂದೆ ಇದನ್ನು ಹೇಳಿದೆ. ಅವರಿಗೆ ಉರ್ದು ಶಾಯರಿ ಹುಚ್ಚು, ದರ್ಗಾ ಕಡೆಯವರು. ಇದರಲ್ಲಿ ಹೊಸದೇನಿದೆ, ಗಜಲ್‌ನಲ್ಲಿ ಪ್ರಿಯೆ ಬಂದರೂ ವ್ಯಾಕರಣದಲ್ಲಿ ಗಂಡಾಗಿಯೇ ಬರುತ್ತಾಳೆ, ಕೇಳುವವರು ಯಾರು ಅಂತ ತಾವೇ ತಿಳಿದುಕೊಳ್ಳುತ್ತಾರೆ ಅಂದರು. ನಾನೂ ಬಿಡಲಿಲ್ಲ. ನಮ್ಮ ಶರಣರೂ ಅದೇ ಮಾಡಿದ್ದಾರೆ, ಶರಣ ಸತಿ, ಲಿಂಗ ಪತಿ, ಮೀಸೆ ಹೊತ್ತ ಗಂಡಸರೇ ಹೆಂಡತಿಯ ದನಿಯಲ್ಲಿ ವಚನ ಹೇಳಿದ್ದಾರೆ ಅಂದೆ. ತೊಗರಿ ಬೇಳೆಯ ಬಿಲ್ಲು ಅರ್ಧಕ್ಕೆ ನಿಂತಿತ್ತು, ಮಾಲೀಕರು ಬಂದರು, ಚರ್ಚೆ ಮುಗಿಯಿತು. ಹೇಳಬೇಕಾಗಿದ್ದು ಇಷ್ಟೇ, ಮಾತಿನ ಸಂದಿಯಲ್ಲಿ ಪ್ರೀತಿ ಹುಡುಕೋದು ನಮಗೇನೂ ಹೊಸ ವಿದ್ಯೆ ಅಲ್ಲ.

ಅತ್ತೆಯ ಮಗಳು ಮಾತ್ರ ಒಪ್ಪಲಿಲ್ಲ. ಆ ಫ್ರೆಂಡ್ ಹೆಂಗಸೇ ಇರಲಿ, ಅದಕ್ಕೂ ಎಲಿನೋರ್‌ಗೂ ಏನು ಸಂಬಂಧ, ಎಲಿನೋರ್‌ಗೆ ಬೇಕಾಗಿದ್ದು ಒಂದು ಮನೆ, ಗೋಡೆ ಮೇಲೆ ಏನು ಬರೆದಿತ್ತು ಹೇಳು, ‘ಎಲಿನೋರ್ ಮನೆಗೆ ಬರೋದಕ್ಕೆ ಸಹಾಯ ಮಾಡಿ’ ಅಂತ ತಾನೇ, ಅವಳು ಲ್ಯೂಕ್ ಕಡೆಗೂ ನೋಡಿದ್ದಾಳೆ ಅಂದಳು. ಇದು ಸುಳ್ಳಲ್ಲ. ಲ್ಯೂಕ್ ಜೊತೆ ಮಾತಾಡುವ ಭಾಗ ನನ್ನ ಪ್ರತಿಯಲ್ಲಿ ಎರಡು ಸಲ ಇತ್ತು, ಪ್ರೆಸ್‌ನವರ ದಯೆ. ಅವನು ತನಗೆ ತಾಯಿ ಇರಲಿಲ್ಲ ಅಂತ ಗೋಳು ತೋಡಿಕೊಂಡಾಗ ಅವಳ ಆಸೆ ಹೇಗೆ ಇಳಿದುಹೋಗುತ್ತದೆ ಅಂತ ನನಗೆ ಬಾಯಿಪಾಠ. ಅವಳಿಗೆ ಮನೆ ಬೇಕಿತ್ತು ಅನ್ನೋದೂ ಖರೇ. ಆದರೆ ಯಾರ ಮನೆ? ಕೊನೆಯ ಹತ್ತಿರ ಅವಳು ಥಿಯೊಡೋರಾಗೆ ಹೇಳೋದು, ಇಲ್ಲಿಂದ ನಾನು ನಿನ್ನ ಜೊತೆ ನಿನ್ನ ಮನೆಗೇ ಬರುತ್ತೇನೆ ಅಂತ. ಲ್ಯೂಕ್‌ಗೆ ಹಾಗೆ ಹೇಳಲಿಲ್ಲ, ಡಾಕ್ಟರಿಗೂ ಹೇಳಲಿಲ್ಲ. ಬೇಡ ಅಂದ ಕಡೆಗೇ ಯಾವಾಗಲೂ ಹೋಗುತ್ತೀಯಾ ಅಂತ ಥಿಯೊಡೋರಾ ಕೇಳಿದಾಗ, ನಾನು ಯಾರಿಗೂ ಎಲ್ಲೂ ಬೇಕಾದವಳೇ ಅಲ್ಲ ಅನ್ನುತ್ತಾಳೆ. ಹೀಗೆ ಬಾಗಿಲು ಹಾಕಿಸಿಕೊಂಡು ಹೊರಗೆ ನಿಂತವಳ ಮುಂದೆ, ಬಾ ಅನ್ನೋದಕ್ಕೆ ಕಲ್ಲಿನ ಮನೆ ಒಂದು ಕಾದು ಕೂತಿದೆ. ನನಗೆ ಕಣ್ಣೀರು ಬಂದದ್ದು ಇಲ್ಲಿ.

ಆದರೂ ಆ ಕ್ಷಣದಲ್ಲಿ ಥಿಯೊಡೋರಾ ಯಾಕೆ ಅಷ್ಟು ಕಠಿಣ ಆದಳು ಅನ್ನೋದು ನನಗೆ ಬಗೆಹರಿಯಲಿಲ್ಲ. ಕೆಲವು ಅಧ್ಯಾಯದ ಹಿಂದೆ ಕಾಲುಗುರಿಗೆ ಬಣ್ಣ ಹಚ್ಚಿದವಳು ಇವಳೇನಾ? ಅದಕ್ಕೆ ಉತ್ತರ ಇದ್ದದ್ದು ಕಾಣೆಯಾದ ಪುಟಗಳಲ್ಲಿ.

ಪುಸ್ತಕ ಬದಲಾಯಿಸಿಕೊಳ್ಳುವ ಕಥೆ ಬೇಗ ಮುಗಿಸುತ್ತೇನೆ. ಮಾರಾಟಗಾರರ ದೂರಿನ ಪಟ್ಟಿಯಲ್ಲಿ ‘ಪುಟಗಳು ಎರಡು ಸಲ ಬಂದಿವೆ’ ಅಂತ ಆಯ್ಕೆಯೇ ಇಲ್ಲ. ‘ಸೈಜ್ ಸರಿಯಿಲ್ಲ’ ಇದೆ, ‘ಬಣ್ಣ ಬೇರೆ ಇದೆ’ ಇದೆ. ‘ವಸ್ತು ಒಡೆದಿದೆ’ ಅನ್ನೋದು ಒತ್ತಿದೆ. ಫೋಟೋ ಕೇಳಿದರು. 160ರ ಪಕ್ಕ 145 ಇರುವ ಫೋಟೋ ಕಳಿಸಿದೆ. ಪುಸ್ತಕದಲ್ಲಿ ಒಡೆದ ಗುರುತು ಕಾಣುತ್ತಿಲ್ಲ ಅಂತ ಉತ್ತರ ಬಂತು. ಎರಡು ಫೋನು, ಮೂರು ಮೇಲ್ ಆದ ಮೇಲೆ ಹೊಸ ಪ್ರತಿ ಕಳಿಸಲು ಒಪ್ಪಿದರು. ಅದಕ್ಕೆ ಒಂಬತ್ತು ದಿನ. ಹಳೆಯದನ್ನು ವಾಪಸ್ ಒಯ್ಯೋದಕ್ಕೆ ಯಾರೂ ಬರಲಿಲ್ಲ.

ಹೊಸದು ಬಂದ ಭಾನುವಾರ ಸಂಜೆ ಅಪ್ಪನ ಕೆರೆ ದಂಡೆಗೆ ಹೋಗಿ ಕೂತೆ. ನೇರ 161.

ಎಲಿನೋರ್ ಮತ್ತು ಥಿಯೊಡೋರಾ ಜಗಳ ಆಡಿಕೊಂಡು ಕತ್ತಲಲ್ಲಿ ಮನೆಯಿಂದ ಹೊರಗೆ ಬಂದಿದ್ದಾರೆ. ಲ್ಯೂಕ್ ನೆಪದ ಜಗಳ. ಒಳಗೆ ಹೋಗೋದಕ್ಕೂ ಆಗದೆ ದಾರಿ ಹಿಡಿದು ಸುಮ್ನೆ ನಡೆಯುತ್ತಿದ್ದಾರೆ. ಇಲ್ಲಿ ಜಾಕ್ಸನ್ ಒಂದು ಮಾತು ಬರೆಯುತ್ತಾಳೆ, ಅದನ್ನು ಹೇಳಿಯೇ ತೀರಬೇಕು. ಇಬ್ಬರ ನಡುವೆ ಒಂದು ಪ್ರಶ್ನೆ ಇದೆ, ಇಬ್ಬರೂ ಅದರ ಅಂಚಿನಲ್ಲೇ ಹುಷಾರಾಗಿ ಹೆಜ್ಜೆ ಇಡುತ್ತಿದ್ದಾರೆ. ನನ್ನನ್ನು ಪ್ರೀತಿಸುತ್ತೀಯಾ, ಇಂಥ ಒಂದು ಪ್ರಶ್ನೆ. ಒಮ್ಮೆ ಬಾಯಿಂದ ಬಿದ್ದರೆ ಅದಕ್ಕೆ ಉತ್ತರ ಕೊಡಲೂ ಆಗದು, ಮರೆಯಲೂ ಆಗದು. ಪುಸ್ತಕದಲ್ಲಿ ಇದು ನೇರವಾಗಿಯೇ ಇದೆ. ಅದನ್ನು ಯಾರೂ ಕೇಳುವುದಿಲ್ಲ. ಕೇಳದೆ ಮುಂದೆ ನಡೆಯುತ್ತಾರೆ, ಅಷ್ಟರಲ್ಲಿ ಅವರ ಕಾಲಡಿಯ ದಾರಿಯ ಬಣ್ಣವೇ ಬದಲಾಗುತ್ತದೆ. ಮರಗಳು ಬೆಳ್ಳಗೆ, ಆಕಾಶ ಕಪ್ಪು, ಹಳೇ ಫೋಟೋದ ನೆಗೆಟಿವ್ ಬೆಳಕಿಗೆ ಹಿಡಿದ ಹಾಗೆ. ದಾರಿಯ ಕೊನೆಗೆ ಒಂದು ತೋಟ, ಅಲ್ಲಿ ಮಾತ್ರ ಬಿಸಿಲು, ಬಣ್ಣ. ಒಂದು ಸಂಸಾರ ಪಿಕ್ನಿಕ್ ಮಾಡುತ್ತಿದೆ, ಮಕ್ಕಳು ನಗುತ್ತಿದ್ದಾರೆ, ನಾಯಿಮರಿ ಇದೆ. ಮೊದಲ ದಿನ ಇವರಿಬ್ಬರು ಲೆಕ್ಕ ಹಾಕಿದ್ದರಲ್ಲ, ಅದೇ ಪಿಕ್ನಿಕ್. ಬೇರೆಯವರಿಗೆ ಸಿಕ್ಕಿದೆ, ಗಂಡ ಹೆಂಡತಿ ಮಕ್ಕಳಿಗೆ. ಎಲಿನೋರ್ ಅದನ್ನು ನೋಡುತ್ತಿದ್ದಾಳೆ. ಥಿಯೊಡೋರಾ ಹಿಂದಕ್ಕೆ ತಿರುಗಿ ನೋಡಿ, ನೋಡಬೇಡ, ಓಡು ಅಂತ ಕಿರುಚುತ್ತಾಳೆ. ಅವಳು ಹಿಂದೆ ಏನು ನೋಡಿದಳು ಅಂತ ಪುಸ್ತಕ ಕೊನೆಯವರೆಗೂ ಹೇಳುವುದಿಲ್ಲ.

ನನಗೆ ಅನ್ನಿಸಿದ್ದು ಹೇಳುತ್ತೇನೆ, ತಪ್ಪಾದರೂ ಆಗಲಿ. ಇಬ್ಬರೂ ಒಂದೇ ದಾರಿಯಲ್ಲಿ ನಿಂತು ಎರಡು ಕಡೆ ನೋಡಿದ್ದಾರೆ. ಒಬ್ಬಳಿಗೆ ಆಸೆ ಕಂಡಿತು, ಇನ್ನೊಬ್ಬಳಿಗೆ ಅದರ ಬೆಲೆ ಕಂಡಿತು. ಮನಸ್ಸು ಓದುವವಳು ಅವಳು, ಪಕ್ಕದವಳ ಮನಸ್ಸಿನಲ್ಲಿ ಆ ಪ್ರಶ್ನೆ ಕುದಿಯುತ್ತಿರೋದು ಅವಳಿಗೆ ಕೇಳಿಸಿರುವುದಿಲ್ಲವಾ? ಆಮೇಲಿನ ಕಠಿಣ ಮಾತೆಲ್ಲಾ ಓಡು ಅಂತ ಕಿರುಚಿದ್ದರ ಮುಂದುವರಿಕೆ. ಹಾಗಂತ ಥಿಯೊಡೋರಾಳನ್ನು ನಾನು ಪೂರ್ತಿ ಕ್ಷಮಿಸಿಲ್ಲ. ಕೊನೆಗೆ ಎಲಿನೋರ್ ಕಾರನ್ನು ಮರಕ್ಕೆ ನುಗ್ಗಿಸುತ್ತಾಳೆ, ಆ ಕೊನೆ ಗಳಿಗೆಯಲ್ಲಿ, ನಾನು ಯಾಕೆ ಹೀಗೆ ಮಾಡುತ್ತಿದ್ದೇನೆ, ಇವರು ಯಾಕೆ ನನ್ನನ್ನು ತಡೆಯುತ್ತಿಲ್ಲ ಅಂತ ಯೋಚಿಸುತ್ತಾಳೆ. ಮುಂದಿನ ಪ್ಯಾರಾದಲ್ಲಿ ಥಿಯೊಡೋರಾ ತನ್ನ ಫ್ರೆಂಡ್ ಹತ್ತಿರ ವಾಪಸ್ ಹೋಗಿರುತ್ತಾಳೆ. ಫ್ರೆಂಡ್‌ಗೆ ಜಗಳದ ಬಗ್ಗೆ ಪಶ್ಚಾತ್ತಾಪ ಆಗಿದೆ, ಇವಳು ಇಷ್ಟು ಬೇಗ ಬಂದದ್ದಕ್ಕೆ ಖುಷಿ. ಅಲ್ಲೂ ಅವನು ಇಲ್ಲ, ಅವಳು ಇಲ್ಲ. ಒಂದೇ ಒಂದು ಸಾಲು.

ಸಿನಿಮಾ ನೋಡಿ ಸಾಕು ಅನ್ನುವವರಿಗೆ ಒಂದು ಮಾತು. 1963ರ ಕಪ್ಪು ಬಿಳುಪು ಚಿತ್ರ ಚೆನ್ನಾಗಿದೆ, ಜೂಲಿ ಹ್ಯಾರಿಸ್ ಎಲಿನೋರ್, ಕ್ಲೇರ್ ಬ್ಲೂಮ್ ಥಿಯೊಡೋರಾ, ಪುಸ್ತಕದ ಗುಟ್ಟು ಅಲ್ಲಿ ಅರ್ಧ ಹೊರಗೆ ಬಂದಿದೆ. 2018ರ ನೆಟ್‌ಫ್ಲಿಕ್ಸ್ ಸೀರೀಸ್‌ನದ್ದು ತಮಾಷೆ. ಅಲ್ಲಿ ಥಿಯೊಡೋರಾ ಹೆಂಗಸರನ್ನು ಪ್ರೀತಿಸುವವಳು ಅಂತ ಮುಚ್ಚುಮರೆ ಇಲ್ಲದೆ ತೋರಿಸಿದ್ದಾರೆ, ಭೇಷ್. ಆದರೆ ಎಲಿನೋರಳನ್ನು ಅವಳ ಸ್ವಂತ ತಂಗಿ ಮಾಡಿಬಿಟ್ಟಿದ್ದಾರೆ. ಅಲ್ಲಿಗೆ ನಾನು ಇಷ್ಟು ಹೊತ್ತು ಹೇಳಿದ್ದೆಲ್ಲಾ ಬುಡಸಮೇತ ಹೋಯಿತು. ಅತ್ತೆಯ ಮಗಳು ವಾದ ಮಾಡಿದ್ದು ಇದನ್ನು ನೋಡಿಕೊಂಡೇ.

ಕೊಳ್ಳುವವರಿಗೆ: ಸುಮಾರು 250 ಪುಟ, ಒಂಬತ್ತು ಅಧ್ಯಾಯ, ಇಂಗ್ಲಿಷ್ ಕಷ್ಟವಿಲ್ಲ, ನನ್ನಂಥ ಕನ್ನಡ ಮೀಡಿಯಂನವರಿಗೂ ಡಿಕ್ಷನರಿ ಇಲ್ಲದೆ ಮುಕ್ಕಾಲು ಪಾಲು ಸಿಗುತ್ತದೆ. ಬೇಸಿಗೆಯಲ್ಲಿ ತರಿಸಿದರೆ ಬೆನ್ನಿನ ಅಂಟು ನೋಡಿ. ಪುಟದ ನಂಬರ್‌ಗಳನ್ನು ಒಮ್ಮೆ ಹೆಬ್ಬೆರಳಿನಲ್ಲಿ ಸರ್ರನೆ ಬಿಟ್ಟು ನೋಡಿ, ವಾಪಸಾತಿಯ ಅವಧಿ ಮುಗಿಯೋ ಮೊದಲು.

ಅತ್ತೆಯ ಮಗಳು ಹೋದ ವಾರ ಬೆಂಗಳೂರಿಗೆ ಹೊರಟಳು. ರೈಲಿನಲ್ಲಿ ಓದಿ ನಿನ್ನ ವಾದ ಮುರಿಯುತ್ತೇನೆ ಅಂತ ಪುಸ್ತಕ ಬ್ಯಾಗಿಗೆ ಹಾಕಿಕೊಂಡಿದ್ದಳು. ಗುಂತಕಲ್ ಹತ್ತಿರದಿಂದ ಫೋನು. “ಅಕ್ಕಾ, 160 ಆದ ಮೇಲೆ ಮತ್ತೆ 145 ಬಂದದ. ಉಳಿದದ್ದು ಎಲ್ಲಿ?”

ಹೊಸ ಪ್ರತಿ ನನ್ನ ದಿಂಬಿನ ಪಕ್ಕ ಇತ್ತು. ಅವರಿಬ್ಬರ ನಡುವೆ ಏನೂ ಇಲ್ಲ ಅಂತಿದ್ದೆಯಲ್ಲ, ನಿನಗೆ ಆ ಪ್ರತಿಯೇ ಸರಿ ಅಂದೆ.